ಸಮಾಜಶಾಸ್ತ್ರ, ತತ್ತ್ವಶಾಸ್ತ್ರ: ಪದವಿಯಲ್ಲಿ ಎರಡನ್ನೂ ಜೊತೆಗೆ ಓದುವ ಬಗೆ

ಮನೆಮಟ್ಟಿಗೆ ರಾಗಿ ಬೆಳೆಯುವವಳು ಜನಗಣತಿಯ ಲೆಕ್ಕದಲ್ಲಿ ಕೆಲಸಗಾರ್ತಿ. ಅದೇ ರಾಗಿಯ ಹಿಟ್ಟಿನಿಂದ ದಿನಕ್ಕೆರಡು ಹೊತ್ತು ಮುದ್ದೆ ತಿರುವುವವಳು ಅಲ್ಲ. ಹಸು ಕಟ್ಟಿ, ಮನೆಬಳಕೆಗಷ್ಟೇ ಆದರೂ ಹಾಲು ಕರೆದರೆ ಅದು ಕೆಲಸ. ಆ ಹಾಲು ಕಾಯಿಸಿ ಮಕ್ಕಳಿಗೆ ಕುಡಿಸಿದರೆ ಕೆಲಸವಲ್ಲ. ಕೇಂದ್ರ ಸರ್ಕಾರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಮನೆವಾರ್ತೆ ಮಾತ್ರ ನೋಡಿಕೊಳ್ಳುವವರಿಗೆ 92 ಎಂಬ ಸಂಕೇತ. ಅದರ ಜೊತೆಗೆ ಸೌದೆ, ಸೊಪ್ಪು, ಮೇವು ತರುವವರಿಗೆ, ಮನೆಗೆಂದು ಬಟ್ಟೆ ಹೊಲಿಯುವವರಿಗೆ 93. ಎರಡೂ ಗುಂಪು ಕಾರ್ಮಿಕ ಬಲದ, ಅಂದರೆ ಕೆಲಸ ಮಾಡುವವರ ಮತ್ತು ಕೆಲಸ ಹುಡುಕುವವರ ಲೆಕ್ಕದ, ಹೊರಗೆ.

ಎಷ್ಟು ಹೆಂಗಸರು ಯಾವ ಸಂಕೇತದಡಿ ಬೀಳುತ್ತಾರೆ, ಆ ಗೆರೆ ಎಳೆದವರು ಯಾರು, ಎಳೆದದ್ದರಿಂದ ಯಾರ ಬದುಕಿಗೆ ಏನಾಯಿತು ಎಂದು ಕೇಳಿದರೆ ಸಮಾಜಶಾಸ್ತ್ರ. ‘ಕೆಲಸ’ ಎಂದರೆ ಏನು, ಬೆಳೆಯುವುದಕ್ಕೂ ಬೇಯಿಸುವುದಕ್ಕೂ ನಡುವೆ ಗೆರೆ ಎಳೆಯಲು ಒಪ್ಪತಕ್ಕ ಆಧಾರ ಉಂಟೇ ಎಂದು ಕೇಳಿದರೆ ತತ್ತ್ವಶಾಸ್ತ್ರ. ಎಷ್ಟೇ ಕೋಷ್ಟಕ ಕೂಡಿಹಾಕಿದರೂ ಎರಡನೆಯ ಪ್ರಶ್ನೆಗೆ ಉತ್ತರ ಸಿಗದು. ಅದನ್ನು ಕೇಳದೆ ಮೊದಲನೆಯದನ್ನು ಎಣಿಸಲು ಕೂತರೆ ಏನನ್ನು ಎಣಿಸುತ್ತಿದ್ದೇವೆ ಎಂಬುದೇ ತಿಳಿಯದು. ಈ ಎರಡು ವಿಷಯಗಳನ್ನು ಒಟ್ಟಿಗೆ ಓದುವುದರ ಲಾಭ ಇಲ್ಲಿದೆ. ಕಷ್ಟವೂ ಇಲ್ಲೇ ಇದೆ, ಏಕೆಂದರೆ ಒಂದೇ ಮಾತನ್ನು ಎರಡು ಶಾಸ್ತ್ರಗಳೂ ಬೇರೆ ಬೇರೆ ಒರೆಗಲ್ಲಿಗೆ ಹಚ್ಚುತ್ತವೆ. ಯಾವ ಕಲ್ಲಿಗೆ ಯಾವಾಗ ಹಚ್ಚಬೇಕು ಎಂಬುದನ್ನು ಮೊದಲ ಸೆಮಿಸ್ಟರಿನಿಂದಲೇ ರೂಢಿಸಿಕೊಂಡರೆ ಉಳಿದದ್ದೆಲ್ಲ ಹಿಡಿತಕ್ಕೆ ಬರುತ್ತದೆ.

ಕರ್ನಾಟಕಕ್ಕೆ ಈ ಜೋಡಿ ಹೊಸತಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ. ಆರ್. ವಾಡಿಯಾ ಅವರು ‘ಸಾಮಾಜಿಕ ತತ್ತ್ವಶಾಸ್ತ್ರ’ ಎಂಬ ಆನರ್ಸ್ ಪಠ್ಯಕ್ರಮವನ್ನೇ ರೂಪಿಸಿದ್ದರು. 1930ರ ದಶಕದಲ್ಲಿ ಅದನ್ನು ಓದಿ ಹೊರಬಂದವರು ಮುಂದೆ ಹೆಸರಾಂತ ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸ್.

ಸೇರುವ ಮುನ್ನ

ನಮ್ಮಲ್ಲಿ ಸಮಾಜಶಾಸ್ತ್ರ ಹೇಳಿಕೊಡುವ ಪದವಿ ಕಾಲೇಜುಗಳು ಬಹಳ, ತತ್ತ್ವಶಾಸ್ತ್ರ ಇರುವವು ಕಡಿಮೆ. ಹಾಗಾಗಿ ಹುಡುಕಾಟ ತತ್ತ್ವಶಾಸ್ತ್ರದ ಕಡೆಯಿಂದಲೇ ಶುರುವಾಗಲಿ. ಪಟ್ಟಿಯಲ್ಲಿ ವಿಷಯದ ಹೆಸರಿದ್ದರೆ ಸಾಲದು. ಕಾಲೇಜಿಗೆ ಹೋಗಿ ಮೂರು ಸಂಗತಿ ಕೇಳಿ: ಆ ವಿಷಯಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ, ಕನಿಷ್ಠ ಎಷ್ಟು ಮಂದಿ ಸೇರಿದರೆ ತರಗತಿ ನಡೆಸುತ್ತಾರೆ, ಈ ವರ್ಷದ ವೇಳಾಪಟ್ಟಿಯಲ್ಲಿ ಎರಡು ವಿಷಯಗಳೂ ಒಂದೇ ಹೊತ್ತಿಗೆ ಬೀಳುತ್ತವೆಯೇ. ಮೂರನೆಯದನ್ನು ಕೇಳದೆ ಸೇರಿ, ಜುಲೈ ಕಳೆದ ಮೇಲೆ ವಿಷಯ ಬದಲಿಸಿಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ.

ಹಿರಿಯ ವಿದ್ಯಾರ್ಥಿಗಳ ಸಲಹೆಯನ್ನು ಸ್ವಲ್ಪ ಎಚ್ಚರದಿಂದ ತೆಗೆದುಕೊಳ್ಳಿ. ಕರ್ನಾಟಕದಲ್ಲಿ 2021–22ರಿಂದ ನಾಲ್ಕು ವರ್ಷದ ಆನರ್ಸ್ ಮಾದರಿ ಬಂತು, 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಅವರ ಕಾಲದ ಕ್ರೆಡಿಟ್ ಲೆಕ್ಕ, ಐಚ್ಛಿಕಗಳ ಹೆಸರು ನಿಮಗೆ ಹೊಂದಲಿಕ್ಕಿಲ್ಲ. ನೀವು ಸೇರುವ ವರ್ಷದ ಪಠ್ಯಕ್ರಮವನ್ನು ವಿಶ್ವವಿದ್ಯಾಲಯದ ಜಾಲತಾಣದಿಂದ ಇಳಿಸಿಕೊಂಡು ಆರೂ ಸೆಮಿಸ್ಟರಿನ ಪತ್ರಿಕೆಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ.

ಮೂರನೆಯ ವಿಷಯ ಆರಿಸುವ ಅವಕಾಶವಿದ್ದರೆ ಅರ್ಥಶಾಸ್ತ್ರ ತೆಗೆದುಕೊಳ್ಳುವುದು ಒಳ್ಳೆಯದು. ಶೇಕಡಾವಾರು, ಮಧ್ಯಾಂಕ, ಕೋಷ್ಟಕ ಓದುವ ಅಭ್ಯಾಸ ಅಲ್ಲಿ ತಾನಾಗಿ ಬರುತ್ತದೆ. ಉಳಿದೆರಡರಲ್ಲಿ ಅದನ್ನು ಯಾರೂ ಒತ್ತಾಯಿಸಿ ಕಲಿಸುವುದಿಲ್ಲ. ಇಂಗ್ಲಿಷ್ ಓದು ತೊಡಕೆನಿಸಿದರೆ ಮಾತ್ರ ಐಚ್ಛಿಕ ಇಂಗ್ಲಿಷ್ ಮೇಲು. ಪಿಯುಸಿಯಲ್ಲಿ ತರ್ಕಶಾಸ್ತ್ರ ಓದಿದವರಿಗೆ ತತ್ತ್ವಶಾಸ್ತ್ರದ ಮೊದಲ ವರ್ಷ ಸಲೀಸು. ಓದದವರು ಅದೇ ಪಿಯು ಪಠ್ಯಪುಸ್ತಕವನ್ನು ಬೇಸಿಗೆ ರಜೆಯ ಮೂರು ವಾರದಲ್ಲಿ ಮುಗಿಸಬಹುದು.

ಊರಿಗೆ ಹತ್ತಿರದ ಕಾಲೇಜಿನಲ್ಲಿ ತತ್ತ್ವಶಾಸ್ತ್ರವೇ ಇಲ್ಲ ಎಂದಾದರೆ ಎರಡು ದಾರಿ ಇದೆ. ಒಂದೇ ಕಾಲಕ್ಕೆ ಎರಡು ಪದವಿ ಓದಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ಅನುಮತಿ ಕೊಟ್ಟಿದೆ. ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ. ಇದು ಮೈಮುರಿಯುವ ಕೆಲಸ, ಮನೆಯಲ್ಲಿ ಹೊತ್ತು ಸಿಗುವವರಿಗೆ ಮಾತ್ರ ಹೇಳಬಹುದು. ಎರಡನೆಯ ದಾರಿ, ಪದವಿಯಲ್ಲಿ ಸಮಾಜಶಾಸ್ತ್ರ ಓದಿ ಸ್ನಾತಕೋತ್ತರದಲ್ಲಿ ತತ್ತ್ವಶಾಸ್ತ್ರಕ್ಕೆ ಹೊರಳುವುದು. ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಎಂ.ಎ.ಗೆ ಯಾವ ಪದವಿಯಾದರೂ ನಡೆಯುತ್ತದೆ. ಅದರ ಪಾಠಗಳು ‘ಇಜ್ಞಾನಕೋಶ’ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಸೇರದವರೂ ಓದಬಹುದು. ಕಾಲೇಜಿಗೆ ಹೋಗಿಯೇ ಓದುತ್ತೇನೆ ಎನ್ನುವವರಿಗೆ ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಎರಡರಲ್ಲೂ ತತ್ತ್ವಶಾಸ್ತ್ರ ವಿಭಾಗಗಳಿವೆ.

ಮನೆಯವರು ಕೇಳುವ ‘ಮುಂದೇನು’ ಎಂಬ ಪ್ರಶ್ನೆಗೂ ಈಗಲೇ ಉತ್ತರ ಇಟ್ಟುಕೊಳ್ಳಿ. ಅಧ್ಯಾಪನದ ಹುದ್ದೆಗಳು ಸಮಾಜಶಾಸ್ತ್ರದಲ್ಲಿ ಹೆಚ್ಚು, ತತ್ತ್ವಶಾಸ್ತ್ರದಲ್ಲಿ ಕೈಬೆರಳೆಣಿಕೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ಪಟ್ಟಿಯಲ್ಲಿ ಎರಡೂ ಇವೆ, ಆದರೆ ಆರಿಸಿಕೊಳ್ಳಬೇಕಾದದ್ದು ಒಂದನ್ನೇ: ಎರಡು ಪತ್ರಿಕೆ, ತಲಾ 250 ಅಂಕ. ಇನ್ನೊಂದರ ಓದು ಪ್ರಬಂಧಕ್ಕೂ 250 ಅಂಕದ ನೀತಿಶಾಸ್ತ್ರ ಪತ್ರಿಕೆಗೂ ಒದಗುತ್ತದೆ. ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ತತ್ತ್ವಶಾಸ್ತ್ರದ ಸಂಕೇತ 03, ಸಮಾಜಶಾಸ್ತ್ರದ್ದು 05. ಸಾಮಾನ್ಯವಾಗಿ ಎಂ.ಎ. ಓದಿದ ವಿಷಯದಲ್ಲೇ ನೆಟ್ ಬರೆಯಬೇಕಾದ್ದರಿಂದ ಎಂ.ಎ.ಗೆ ಸೇರುವ ಹೊತ್ತಿಗೆ ಯಾವುದು ಮುಖ್ಯ ಎಂದು ತೀರ್ಮಾನಿಸಿರಬೇಕು. ಸಮೀಕ್ಷೆ, ಸ್ವಯಂಸೇವಾ ಸಂಸ್ಥೆ, ಪತ್ರಿಕೋದ್ಯಮದ ಕೆಲಸಗಳಲ್ಲಿ ಕೇಳುವುದು ಸಮಾಜಶಾಸ್ತ್ರದ ಕೈಕಸುಬನ್ನು. ತತ್ತ್ವಶಾಸ್ತ್ರದ ಓದು ಅಲ್ಲಿ ಬರವಣಿಗೆಯ ಅಚ್ಚುಕಟ್ಟಿನಲ್ಲಿ ಕಾಣಿಸುತ್ತದೆ.

ವಾರದ ಲೆಕ್ಕ

ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆಯ ಪಾಠ. ತರಗತಿಯ ಪ್ರತಿ ಗಂಟೆಗೂ ಒಂದು ಗಂಟೆ ಸ್ವಂತ ಓದು ಎಂದಿಟ್ಟುಕೊಂಡರೂ, ತಲಾ ನಾಲ್ಕೈದು ಕ್ರೆಡಿಟ್ಟಿನ ಎರಡು ವಿಷಯಕ್ಕೆ ವಾರಕ್ಕೆ 8ರಿಂದ 10 ಗಂಟೆ ಬೇಕು. ಅದನ್ನು ಸಮ ಹಂಚಬೇಡಿ, ಏಕೆಂದರೆ ಎರಡರ ಓದಿನ ವೇಗ ಬೇರೆ. ತತ್ತ್ವಶಾಸ್ತ್ರದ ಮೂಲ ಪಠ್ಯ ಗಂಟೆಗೆ ನಾಲ್ಕೈದು ಪುಟಕ್ಕಿಂತ ಹೆಚ್ಚು ಓಡಿದರೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಒಂದು ಹಳ್ಳಿಯ ಅಧ್ಯಯನವನ್ನು ಗಂಟೆಗೆ 20 ಪುಟ ಓದಬಹುದು, ಓದಬೇಕು. ಅಲ್ಲಿ ಸಾಲು ಸಾಲಿಗೂ ನಿಂತರೆ ಕಾಡು ಕಾಣದೆ ಮರವಷ್ಟೇ ಕಾಣುತ್ತದೆ. ತತ್ತ್ವಶಾಸ್ತ್ರವನ್ನು ಬೆಳಗಿನ ಹೊತ್ತು ಒಂದೊಂದು ಗಂಟೆಯಂತೆ ಐದು ದಿನ, ಸಮಾಜಶಾಸ್ತ್ರವನ್ನು ಎರಡು ಉದ್ದನೆಯ ಬೈಠಕ್ಕುಗಳಲ್ಲಿ ಓದುವುದು ಬಹುಪಾಲು ವಿದ್ಯಾರ್ಥಿಗಳಿಗೆ ಒಗ್ಗುತ್ತದೆ.

ಓದುವಾಗ ಮಾಡಿಕೊಳ್ಳುವ ಟಿಪ್ಪಣಿಯೂ ಬೇರೆ. ತತ್ತ್ವಶಾಸ್ತ್ರದ ಪ್ರತಿ ಭಾಗಕ್ಕೂ ಮೂರು ಸಾಲು: ಇವರು ಏನನ್ನು ಸಾಧಿಸಹೊರಟಿದ್ದಾರೆ, ಯಾವ ಹೇತು (ಸಮರ್ಥನೆ) ಕೊಟ್ಟಿದ್ದಾರೆ, ಅವರ ಪೂರ್ವಪಕ್ಷ (ಅವರು ಉತ್ತರಿಸಬೇಕಾದ ಎದುರುವಾದ) ಯಾವುದು. ಸಮಾಜಶಾಸ್ತ್ರದ ಪ್ರತಿ ಅಧ್ಯಯನಕ್ಕೂ ನಾಲ್ಕು: ಎಲ್ಲಿ, ಯಾವಾಗ, ಯಾರನ್ನು ನೋಡಿ ಅಥವಾ ಕೇಳಿ ತಿಳಿದದ್ದು, ಯಾರನ್ನು ಕೇಳಲಿಲ್ಲ. ಈ ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಟ್ಟರೆ ಅಧ್ಯಯನದ ತೀರ್ಮಾನ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಹೇಳಲು ಆಗುವುದಿಲ್ಲ.

ಎರಡು ಟಿಪ್ಪಣಿ ಪುಸ್ತಕಗಳ ಜೊತೆಗೆ ಮೂರನೆಯದೊಂದು ಇರಲಿ, 100 ಪುಟದ್ದು ಸಾಕು. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಎರಡೂ ತರಗತಿಯಲ್ಲಿ ಬಂದ ಒಂದೇ ಪ್ರಶ್ನೆಯನ್ನು ಅದರಲ್ಲಿ ಬರೆಯಿರಿ. ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಈ ಪುಸ್ತಕ ನೆರವಿಗೆ ಬರುತ್ತದೆ.

ಪತ್ರಿಕೆಗಳ ಕ್ರಮ ನಿಮ್ಮ ಕೈಯಲ್ಲಿದ್ದರೆ ಜ್ಞಾನಮೀಮಾಂಸೆಯನ್ನೂ (ಯಾವುದನ್ನು ತಿಳಿವು ಎನ್ನಬೇಕು ಎಂಬ ವಿಚಾರ) ಸಂಶೋಧನಾ ವಿಧಾನವನ್ನೂ ಒಂದೇ ಸೆಮಿಸ್ಟರಿನಲ್ಲಿ ತೆಗೆದುಕೊಳ್ಳಿ. ಪ್ರತ್ಯಕ್ಷ (ಕಂಡು ತಿಳಿದದ್ದು), ಅನುಮಾನ (ಒಂದರಿಂದ ಇನ್ನೊಂದನ್ನು ಊಹಿಸಿ ತಿಳಿದದ್ದು), ಶಬ್ದ (ಇನ್ನೊಬ್ಬರ ಮಾತಿನಿಂದ ತಿಳಿದದ್ದು) ಎಂಬ ಪ್ರಮಾಣಗಳ ಬಗ್ಗೆ ಸೋಮವಾರ ಕೇಳಿದ ಪಾಠಕ್ಕೂ ಅವಲೋಕನ, ಮಾದರಿ, ಸಂದರ್ಶನಗಳ ಬಗ್ಗೆ ಬುಧವಾರ ಕೇಳಿದ ಪಾಠಕ್ಕೂ ಇರುವ ನಂಟು ಆಗ ತಾನಾಗಿ ಹೊಳೆಯುತ್ತದೆ. ಸಂದರ್ಶನದಲ್ಲಿ ನಾವು ನೆಚ್ಚುವುದು ಶಬ್ದ ಪ್ರಮಾಣವನ್ನು. ಆಪ್ತನ, ಅಂದರೆ ವಿಷಯ ಬಲ್ಲ ನಂಬತಕ್ಕವನ, ಮಾತು ಮಾತ್ರ ಪ್ರಮಾಣ ಎಂಬ ನೈಯಾಯಿಕರ (ನ್ಯಾಯದರ್ಶನದವರ) ಷರತ್ತನ್ನು ಅಲ್ಲಿಟ್ಟು ನೋಡಿ.

ಮೊದಲು ಓದಬೇಕಾದ ಜೋಡಿ

ಜೋಡಿಯಾಗಿ ಓದುವುದನ್ನು ಅಂಬೇಡ್ಕರರ ಎರಡು ಬರಹಗಳಿಂದ ಆರಂಭಿಸಿದರೆ ಅದಕ್ಕಿಂತ ಒಳ್ಳೆಯ ತರಬೇತಿ ಇಲ್ಲ. ಒಂದು, 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಮಂಡಿಸಿದ ಪ್ರಬಂಧ. ಇನ್ನೊಂದು, 1936ರಲ್ಲಿ ಲಾಹೋರಿನ ಸಭೆಗೆಂದು ಬರೆದು, ಸಭೆಯೇ ರದ್ದಾದಾಗ ತಾವೇ ಅಚ್ಚು ಹಾಕಿಸಿದ ‘ಜಾತಿ ವಿನಾಶ’. ಮೊದಲನೆಯದರ ಪ್ರಶ್ನೆ ಜಾತಿ ಹೇಗೆ ಹುಟ್ಟಿತು, ಹೇಗೆ ಹರಡಿತು ಎಂಬುದು. ಒಳವಿವಾಹವೇ (ಗುಂಪಿನೊಳಗೇ ಮದುವೆಯಾಗುವುದೇ) ಜಾತಿಯ ತಿರುಳು ಎಂದು ಹಿಡಿದು, ಒಳವಿವಾಹ ಉಳಿಯಬೇಕಾದರೆ ಗಂಡ ಸತ್ತ ಹೆಣ್ಣನ್ನೂ ಹೆಂಡತಿ ಸತ್ತ ಗಂಡನ್ನೂ ಗುಂಪು ಏನು ಮಾಡಬೇಕಾಗುತ್ತದೆ ಎಂದು ಲೆಕ್ಕ ಹಾಕುತ್ತಾ ಸತಿ, ಕಡ್ಡಾಯ ವೈಧವ್ಯ, ಬಾಲ್ಯವಿವಾಹಗಳನ್ನು ಅದು ವಿವರಿಸುತ್ತದೆ. ಉಳಿದ ಗುಂಪುಗಳು ಇದನ್ನು ಅನುಕರಿಸಿದವು ಎಂಬುದು ಹರಡಿದ್ದಕ್ಕೆ ವಿವರಣೆ. ಮುಂದೆ ಶ್ರೀನಿವಾಸರ ‘ಸಂಸ್ಕೃತೀಕರಣ’ (ಕೆಳಜಾತಿಗಳು ಮೇಲ್ಜಾತಿಗಳ ಆಚಾರ ಅನುಸರಿಸಿ ಮೇಲೇರಲು ನೋಡುವುದು) ಓದುವಾಗ ಈ ಅನುಕರಣೆಯ ಮಾತನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಎರಡನೆಯದರ ಪ್ರಶ್ನೆ ಬೇರೆ: ಜಾತಿಯನ್ನು ಸಮರ್ಥಿಸಲು ಸಾಧ್ಯವೇ? ಜಾತಿಯೆಂದರೆ ಶ್ರಮ ವಿಭಜನೆ ಎಂಬ ಸಮರ್ಥನೆಯನ್ನು ಎತ್ತಿಕೊಂಡು, ಅದು ಶ್ರಮದ ವಿಭಜನೆ ಮಾತ್ರವಲ್ಲ, ಶ್ರಮಿಕರ ವಿಭಜನೆಯೂ ಹೌದು ಎಂದು ಅಂಬೇಡ್ಕರ್ ಉತ್ತರಿಸುತ್ತಾರೆ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳ ಅಳತೆಗೋಲು ಹಿಡಿಯುತ್ತಾರೆ. ಲೇಖಕರು ಒಬ್ಬರೇ, ವಿಷಯವೂ ಒಂದೇ, ಆದರೆ ಮಾಡಿದ ಕೆಲಸ ಎರಡು. 1916ರದ್ದನ್ನು ಅಲ್ಲಗಳೆಯಬೇಕಾದರೆ ನೀವು ಬೇರೆ ಪುರಾವೆ ತರಬೇಕು. 1936ರದ್ದನ್ನು ಅಲ್ಲಗಳೆಯಬೇಕಾದರೆ ಅವರ ಅಳತೆಗೋಲನ್ನೋ ಅದನ್ನು ಬಳಸಿದ ರೀತಿಯನ್ನೋ ಪ್ರಶ್ನಿಸಬೇಕು. ಪ್ರತಿ ಪುಟದ ಅಂಚಿನಲ್ಲಿ ‘ಪುರಾವೆ’ ಅಥವಾ ‘ಅಳತೆಗೋಲು’ ಎಂದು ಬರೆಯುತ್ತಾ ಹೋಗಿ. ಎರಡನೆಯದರಲ್ಲಿ ಎಷ್ಟು ಸಲ ಪುರಾವೆಯೂ ಬಂತು ಎಂದು ಆಮೇಲೆ ಎಣಿಸಿ ನೋಡಿ.

ಅದಾದ ಮೇಲೆ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಮ್ 1895ರಲ್ಲಿ ಬರೆದ ವಿಧಾನದ ಪುಸ್ತಕದ ಮೊದಲೆರಡು ಅಧ್ಯಾಯಗಳನ್ನು ತತ್ತ್ವಜ್ಞ ಪೀಟರ್ ವಿಂಚ್ 1958ರಲ್ಲಿ ಬರೆದ ಸಣ್ಣ ಪುಸ್ತಕದ ಎದುರಿಗಿಟ್ಟು ಓದಿ. ಸಾಮಾಜಿಕ ಸಂಗತಿಗಳನ್ನು ವಸ್ತುಗಳಂತೆ ಕಾಣಿರಿ, ಜನರ ಪೂರ್ವಕಲ್ಪನೆಗಳನ್ನು ಬದಿಗಿಡಿ ಎನ್ನುತ್ತಾನೆ ಮೊದಲನೆಯವನು. ಆ ಜನ ತಾವು ಏನು ಮಾಡುತ್ತಿದ್ದೇವೆ ಎಂದು ತಿಳಿದಿದ್ದಾರೋ ಅದನ್ನು ಬಿಟ್ಟರೆ ನಿಮಗೆ ವರ್ಣಿಸಲು ಕ್ರಿಯೆಯೇ ಉಳಿಯುವುದಿಲ್ಲ ಎನ್ನುತ್ತಾನೆ ಎರಡನೆಯವನು. ಧಾರೆ ಎರೆಯುವುದನ್ನು ‘ಕೈಮೇಲೆ ನೀರು ಸುರಿದರು’ ಎಂದು ಬರೆದರೆ ಸುಳ್ಳೇನೂ ಅಲ್ಲ, ಆದರೆ ಮದುವೆ ಅಲ್ಲಿಂದ ಕಾಣೆಯಾಗಿರುತ್ತದೆ.

ಕನ್ನಡದ ಪದಗಳು ಮಾಡುವ ಗೊಂದಲ

ಕನ್ನಡ ಮಾಧ್ಯಮದಲ್ಲಿ ಬರೆಯುವವರಿಗೆ ಇದು ಬಹಳ ಮುಖ್ಯ, ಇಂಗ್ಲಿಷಿನಲ್ಲಿ ಬರೆದು ಕನ್ನಡದಲ್ಲಿ ಯೋಚಿಸುವವರಿಗೂ ಅಷ್ಟೇ. ನಮ್ಮ ಕೆಲವು ಪದಗಳು ಎರಡು ಮೂರು ಹೊರೆ ಒಟ್ಟಿಗೆ ಹೊತ್ತಿವೆ.

‘ಕಾರಣ’ವನ್ನೇ ನೋಡಿ. ಮಳೆ ಬರದ್ದು ಬೆಳೆ ಹಾಳಾಗಲು ಕಾರಣ. ಅವಳು ಮದುವೆ ಬೇಡವೆಂದದ್ದಕ್ಕೆ ಓದುವಾಸೆ ಕಾರಣ. ಮೊದಲನೆಯದು ಘಟನೆಯನ್ನು ಉಂಟುಮಾಡಿದ್ದು, ಎರಡನೆಯದು ಆಕೆ ತನ್ನ ನಿರ್ಧಾರಕ್ಕೆ ಕೊಡುವ ಸಮರ್ಥನೆ. ಸಮಾಜವಿಜ್ಞಾನ ವಿವರಿಸಬೇಕೋ ಅರ್ಥ ಮಾಡಿಕೊಳ್ಳಬೇಕೋ ಎಂಬ ನೂರು ವರ್ಷದ ಚರ್ಚೆ ಈ ವ್ಯತ್ಯಾಸದ ಮೇಲೆ ನಿಂತಿದೆ, ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಬರೆಯುವಾಗ ಮೊದಲನೆಯದಕ್ಕೆ ‘ಕಾರಣ’, ಎರಡನೆಯದಕ್ಕೆ ‘ಹೇತು’ ಅಥವಾ ‘ಉದ್ದೇಶ’ ಎಂದು ನಿಗದಿ ಮಾಡಿಕೊಂಡು, ಆರಂಭದಲ್ಲೇ ಒಂದು ಸಾಲಿನಲ್ಲಿ ಹೇಳಿಬಿಡಿ.

‘ಧರ್ಮ’ ಕರ್ತವ್ಯವೂ ಹೌದು, ಮತವೂ ಹೌದು. ನ್ಯಾಯದರ್ಶನದಲ್ಲಿ ವಸ್ತುವಿನ ಗುಣಲಕ್ಷಣವೂ ಹೌದು. ಡರ್ಕೈಮನ ಧರ್ಮದ ಸಮಾಜಶಾಸ್ತ್ರ ಬರೆಯುತ್ತಾ ಎರಡನೇ ಪುಟದಲ್ಲಿ ಸ್ವಧರ್ಮದ ಗೀತಾವಾಕ್ಯಕ್ಕೆ ಜಾರುವ ಉತ್ತರಗಳಿಗೆ ಈ ಪದವೇ ಮೂಲ. ‘ಸಮಾಜ’ ಎಂಬುದಂತೂ ದಿನಬಳಕೆಯಲ್ಲಿ ಜಾತಿಯ ಹೆಸರು: ‘ನಮ್ಮ ಸಮಾಜದವರು’, ‘ಸಮಾಜ ಬಾಂಧವರು’. ಸಂದರ್ಶನದಲ್ಲಿ ‘ಸಮಾಜ ಏನನ್ನುತ್ತದೆ’ ಎಂದು ಕೇಳಿದರೆ ಬರುವ ಉತ್ತರ ಜಾತಿಯ ಮುಖಂಡರ ಬಗ್ಗೆ ಇರಬಹುದು. ‘ಊರಲ್ಲಿ ಯಾರು ಏನಂತಾರೆ’ ಎಂದು ಕೇಳಿ. ‘ತರ್ಕ’ವನ್ನು ನಾವು ಇಡೀ ಶಾಸ್ತ್ರಕ್ಕೆ ಬಳಸುತ್ತೇವೆ, ನ್ಯಾಯದರ್ಶನದ ಮೂಲಗ್ರಂಥ ನ್ಯಾಯಸೂತ್ರ ಪಟ್ಟಿಮಾಡುವ ಹದಿನಾರು ಪದಾರ್ಥಗಳಲ್ಲಿ (ವಿಚಾರ ಮಾಡಬೇಕಾದ ವಿಷಯಗಳಲ್ಲಿ) ಅದು ಒಂದು ಬಗೆಯ ಊಹೆ ಮಾತ್ರ, ‘ಹೀಗಲ್ಲದಿದ್ದರೆ ಏನಾಗುತ್ತಿತ್ತು’ ಎಂದು ನೋಡುವ ಕ್ರಮ.

ಎಲ್ಲಕ್ಕಿಂತ ಅಪಾಯದ ಪದ ‘ಸಹಜ’. ‘ಹೆಣ್ಣುಮಕ್ಕಳು ಮನೆ ನೋಡಿಕೊಳ್ಳುವುದು ಸಹಜ’ ಎಂದರೆ ವಾಡಿಕೆ ಎಂದೋ, ಹುಟ್ಟುಗುಣ ಎಂದೋ, ಸರಿ ಎಂದೋ? ವಾಕ್ಯ ಓದಿದವರಿಗೆ ಮೂರೂ ಕೇಳಿಸುತ್ತದೆ. ಇರುವುದರಿಂದ ಇರಬೇಕಾದದ್ದಕ್ಕೆ ಯಾರೂ ಗಮನಿಸದಂತೆ ಹೆಜ್ಜೆ ಇಡುವುದನ್ನು ತತ್ತ್ವಜ್ಞ ಹ್ಯೂಮ್ 1740ರಲ್ಲೇ ಎತ್ತಿ ತೋರಿಸಿದ. ಕನ್ನಡದಲ್ಲಿ ಆ ಹೆಜ್ಜೆ ಈ ಒಂದೇ ಪದದೊಳಗೆ ಆಗಿಬಿಡುತ್ತದೆ. ಬರೆದು ಮುಗಿಸಿದ ಮೇಲೆ ಕೆಂಪು ಪೆನ್ನು ಹಿಡಿದು ಬೇಕು, ಬಾರದು, ತಕ್ಕದ್ದು, ಸರಿ, ಸಹಜ ಎಂಬ ಪದಗಳಿಗೆಲ್ಲ ಸುತ್ತು ಹಾಕಿ. ಸಮಾಜಶಾಸ್ತ್ರದ ಉತ್ತರದಲ್ಲಿ ಸುತ್ತು ಬಿದ್ದ ಪ್ರತಿ ವಾಕ್ಯಕ್ಕೂ ‘ಇದು ಯಾರ ಅಭಿಪ್ರಾಯ’ ಎಂಬುದು ಕಾಣಬೇಕು. ತತ್ತ್ವಶಾಸ್ತ್ರದ ಉತ್ತರದಲ್ಲಿ ಅದಕ್ಕೊಂದು ಹೇತು ಜೊತೆಗಿರಬೇಕು.

ಪರಿಭಾಷೆಯ ಪಟ್ಟಿಯೊಂದನ್ನು ಮೊದಲ ದಿನದಿಂದಲೇ ಬೆಳೆಸಿ. ಮೂರು ಅಂಕಣ: ಕನ್ನಡ ಪದ, ಮೂಲ ಪದ, ಯಾರ ಬಳಕೆಯಲ್ಲಿ ಏನರ್ಥ. ಮೂರನೆಯ ಅಂಕಣ ಇಲ್ಲದ ಪಟ್ಟಿಯಿಂದ ಹೆಚ್ಚು ಉಪಯೋಗವಿಲ್ಲ. ಮಾರ್ಕ್ಸನ ‘ಪರಕೀಯತೆ’ಗೂ (ತನ್ನದೇ ತನಗೆ ಹೊರಗಾಗುವುದು) ಅಸ್ತಿತ್ವವಾದಿಗಳ ‘ಪರಕೀಯತೆ’ಗೂ ಇರುವ ದೂರ ಅಲ್ಲೇ ಕಾಣುವುದು.

ಹಸಿ ಸೌದೆಯ ಪಾಠ

ನೈಯಾಯಿಕರ ಪ್ರಸಿದ್ಧ ಉದಾಹರಣೆ ಎಲ್ಲರಿಗೂ ಗೊತ್ತು: ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ವ್ಯಾಪ್ತಿ (ಎಂದೂ ತಪ್ಪದ ನಂಟು) ಅದಕ್ಕೆ ಆಧಾರ. ಅದನ್ನು ತಿರುಗಿಸಿ ನೋಡಿ: ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಯೇ? ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಬರಲು ಸೌದೆ ಹಸಿಯಾಗಿರಬೇಕು. ಈ ಹಸಿ ಸೌದೆಗೆ ಅವರು ಕೊಟ್ಟ ಹೆಸರು ‘ಉಪಾಧಿ’. ಹೊಗೆಯಿರುವ ಕಡೆಯೆಲ್ಲ ಅದು ಇರುತ್ತದೆ, ಬೆಂಕಿಯಿರುವ ಕಡೆಯೆಲ್ಲ ಇರುವುದಿಲ್ಲ.

ಈಗ ಸಮಾಜಶಾಸ್ತ್ರದ ತರಗತಿಗೆ ಬನ್ನಿ. ‘ಹಳ್ಳಿಯ ಹೆಣ್ಣುಮಕ್ಕಳು ಪಿಯುಸಿ ಆದಮೇಲೆ ಓದು ಬಿಡುತ್ತಾರೆ, ಏಕೆಂದರೆ ಅದು ಹಳ್ಳಿ’ ಎಂದು ಯಾರೋ ಬರೆದರು ಎನ್ನಿ. ಹಳ್ಳಿ ಬೆಂಕಿಯ ಜಾಗದಲ್ಲಿದೆ, ಓದು ಬಿಡುವುದು ಹೊಗೆಯ ಜಾಗದಲ್ಲಿ. ಹಳ್ಳಿಯಾದರೂ ಹುಡುಗಿಯರು ಓದು ಮುಂದುವರಿಸಿದ ಊರನ್ನು ಹುಡುಕಿ. ಅದೇ ನಿಮ್ಮ ಕಾದ ಕಬ್ಬಿಣ. ಎರಡು ಊರಿಗೂ ಏನು ವ್ಯತ್ಯಾಸ? ಕಾಲೇಜು ಬಿಟ್ಟ ಮೇಲೆ ಊರಿಗೆ ಬಸ್ಸಿಲ್ಲ ಎಂಬುದು ಮೊದಲ ಊರಿನ ಕಥೆಯಾದರೆ ಹಸಿ ಸೌದೆ ಸಿಕ್ಕಿತು. ಅಂಕಿಅಂಶದ ತರಗತಿಯಲ್ಲಿ ಮೂರನೆಯ ಚಲಕವನ್ನು (ಬದಲಾಗುವ ಅಂಶವನ್ನು) ತಂದು ಸಂಬಂಧ ಹುಸಿಯೇ ಎಂದು ಪರೀಕ್ಷಿಸುವುದನ್ನು ಕಲಿಸುತ್ತಾರಲ್ಲ, ಆ ಯೋಚನೆಗೂ ಇದಕ್ಕೂ ಹತ್ತಿರದ ನಂಟಿದೆ. ಯಾವುದೇ ‘ಏಕೆಂದರೆ’ ಎದುರಾದಾಗ ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು, ಉದಾಹರಣೆ, ಉಪನಯ (ಅದನ್ನು ಈ ಸಂದರ್ಭಕ್ಕೆ ಹೊಂದಿಸುವುದು), ನಿಗಮನ (ತೀರ್ಮಾನ) ಎಂಬ ಐದು ಅವಯವಗಳಲ್ಲಿ ಅದನ್ನು ಬಿಡಿಸಿ ಬರೆಯುವ ಅಭ್ಯಾಸ ಮಾಡಿ. ಉದಾಹರಣೆಯ ಸಾಲಿಗೆ ಬಂದಾಗ ಬರೆಯಲು ಏನೂ ಸಿಗದಿದ್ದರೆ ಆ ವಾದಕ್ಕೆ ಪುರಾವೆಯಿಲ್ಲ ಎಂದರ್ಥ.

ಆದರೆ ಈ ಸಾಧನ ಒಂದು ಕಡೆ ಕೈಕೊಡುತ್ತದೆ. ವ್ಯಾಪ್ತಿಗೆ ಅಪವಾದವೇ ಇರಕೂಡದು, ಒಂದು ವ್ಯಭಿಚಾರ (ನೈಯಾಯಿಕರ ಮಾತಿನಲ್ಲಿ, ನಿಯಮ ತಪ್ಪಿದ ಉದಾಹರಣೆ) ಸಿಕ್ಕರೂ ಅದು ಬಿದ್ದಂತೆ. ಸಮಾಜಶಾಸ್ತ್ರದ ಹೇಳಿಕೆಗಳು ಬಹುಪಾಲು ಒಲವುಗಳನ್ನು ಹೇಳುತ್ತವೆ. ‘ನಮ್ಮ ಚಿಕ್ಕಮ್ಮ ಹಳ್ಳಿಯಲ್ಲಿದ್ದೇ ಎಂ.ಎ. ಮಾಡಿದಳು’ ಎಂಬುದು ‘ಎಲ್ಲರೂ ಬಿಡುತ್ತಾರೆ’ ಎಂಬುದನ್ನು ಕೆಡವುತ್ತದೆ; ‘ಪೇಟೆಯವರಿಗಿಂತ ಹೆಚ್ಚು ಮಂದಿ ಬಿಡುತ್ತಾರೆ’ ಎಂಬುದನ್ನು ಅಲುಗಿಸುವುದೂ ಇಲ್ಲ. ಒಂದೊಂದು ಉದಾಹರಣೆ ಹಿಡಿದು ಇಡೀ ಅಧ್ಯಯನವನ್ನು ತಳ್ಳಿಹಾಕುವುದು ತತ್ತ್ವಶಾಸ್ತ್ರದಿಂದ ಬಂದವರು ಮಾಡುವ ಮೊದಲ ತಪ್ಪು.

ಇನ್ನೆರಡು ಜಾರು ಜಾಗಗಳು

ಸಮಾಜಶಾಸ್ತ್ರದಿಂದ ಬಂದವರ ತಪ್ಪು ಇದಕ್ಕೆ ಎದುರು ದಿಕ್ಕಿನದು. ಒಂದು ವಾದ ಎಲ್ಲಿಂದ ಬಂತು ಎಂದು ತೋರಿಸಿದರೆ ಅದನ್ನು ಖಂಡಿಸಿದಂತೆ ಎಂದುಕೊಳ್ಳುತ್ತಾರೆ. ‘ಇದು ಭೂಮಾಲೀಕರ ದೃಷ್ಟಿ’, ‘ಇದು ಮೇಲ್ಜಾತಿಯವರ ಮಾತು’ ಎಂಬಲ್ಲಿಗೆ ಉತ್ತರ ನಿಲ್ಲುತ್ತದೆ. ಹೇಳಿದವರು ಯಾರು ಎಂಬುದರಿಂದ ಹೇಳಿದ್ದು ನಿಜವೋ ಸುಳ್ಳೋ ಎಂದು ತೀರ್ಮಾನವಾಗದು. ಅಂದಮಾತ್ರಕ್ಕೆ ಆ ಮಾಹಿತಿ ವ್ಯರ್ಥವೆಂದಲ್ಲ. ಅವರಿಗೆ ಯಾವ ಪ್ರಶ್ನೆ ಹೊಳೆಯಲೇ ಇಲ್ಲ, ಯಾವ ಪುರಾವೆ ಕಣ್ಣಿಗೆ ಬೀಳಲಿಲ್ಲ ಎಂಬುದನ್ನು ಅದು ತೋರಿಸುತ್ತದೆ. ಅಲ್ಲಿಂದ ಮುಂದೆ ಹೋಗಿ ಆ ಪುರಾವೆಯನ್ನು ತಂದಿಟ್ಟಾಗ ಖಂಡನೆ ಪೂರ್ತಿಯಾಗುತ್ತದೆ.

ಎರಡನೆಯದು ‘ಅವರವರ ಸಂಸ್ಕೃತಿ ಅವರವರಿಗೆ ಸರಿ’ ಎಂಬ ತೀರ್ಮಾನ. ಸಮಾಜಗಳ ನೀತಿಗಳು ಬೇರೆ ಬೇರೆ ಎಂಬುದು ನೋಡಿ ತಿಳಿದ ಸಂಗತಿ. ಆದ್ದರಿಂದ ಯಾವುದನ್ನೂ ತಪ್ಪೆನ್ನಬಾರದು ಎಂಬುದು ಅದರಿಂದ ಹೊರಡುವುದಿಲ್ಲ; ಅದೂ ಒಂದು ‘ಬಾರದು’, ಅದಕ್ಕೂ ಹೇತು ಬೇಕು. ಜೊತೆಗೆ, ‘ಅವರ ಸಂಸ್ಕೃತಿ’ ಎಂಬ ಮಾತು ಒಳಗಿನ ಜಗಳವನ್ನೆಲ್ಲ ಮುಚ್ಚಿಹಾಕುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಸಂಸ್ಕೃತಿ ಯಾವುದು? ಜಾತಿ ಮೀರಿದ ಮದುವೆಯನ್ನು ಸಹಿಸದವರದ್ದೋ, ವಚನಕಾರರದ್ದೋ? ಇಬ್ಬರೂ ಆ ಊರಿನವರೇ. ‘ಅಲ್ಲಿಯವರು ಹೀಗೆನ್ನುತ್ತಾರೆ’ ಎಂದು ಬರೆಯುವ ಮುನ್ನ ಅಲ್ಲಿಯವರಲ್ಲಿ ಯಾರು ಎಂದು ಕೇಳಿಕೊಳ್ಳಿ.

ಉತ್ತರ, ಪ್ರಬಂಧ

ಪರೀಕ್ಷೆಯ ಮಟ್ಟಿಗೆ ಎರಡರ ಮೌಲ್ಯಮಾಪಕರು ಹುಡುಕುವುದು ಬೇರೆ. ಸಮಾಜಶಾಸ್ತ್ರದ ಉತ್ತರದಲ್ಲಿ ವ್ಯಾಖ್ಯೆ, ಅಧ್ಯಯನದ ಹೆಸರು ಮತ್ತು ವರ್ಷ, ಭಾರತದ ಉದಾಹರಣೆ, ಮಿತಿ ಇವಿಷ್ಟು ಕಾಣಬೇಕು. ತತ್ತ್ವಶಾಸ್ತ್ರದ ಉತ್ತರದಲ್ಲಿ ಹೆಸರುಗಳ ಮೆರವಣಿಗೆಗೆ ಅಂಕ ಬಾರದು. ಒಂದು ವಾದವನ್ನು ಹಂತ ಹಂತವಾಗಿ ಕಟ್ಟಿ, ಅದಕ್ಕೆ ಬಲವಾದ ಆಕ್ಷೇಪವನ್ನು ಪ್ರಾಮಾಣಿಕವಾಗಿ ಇಟ್ಟು, ಉತ್ತರ ಕೊಡಬೇಕು. 1500 ಪದದ ಪ್ರಬಂಧವಾದರೆ ಸುಮಾರು 500 ಪದ ಪೂರ್ವಪಕ್ಷಕ್ಕೇ ಮೀಸಲಿಡಿ. ಪೂರ್ವಪಕ್ಷ ಎಷ್ಟು ಚೆನ್ನಾಗಿರಬೇಕೆಂದರೆ ಎದುರಾಳಿ ಓದಿದರೂ ‘ಹೌದು, ನಾನು ಹೇಳುವುದು ಇದನ್ನೇ’ ಅನ್ನಬೇಕು. ತರಗತಿಯ ಚರ್ಚೆಗೂ ಇದೇ ನಿಯಮ: ನಿಜ ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನದೇನೂ ಹೇಳದೆ ಇನ್ನೊಬ್ಬರದನ್ನು ಕೆಡವುವುದು ವಿತಂಡ.

ಪ್ರಾಜೆಕ್ಟ್

ಇಲ್ಲಿ ಎರಡೂ ಕೂಡಲೇಬೇಕು. ಆರಂಭದಲ್ಲಿ ಹೇಳಿದ ‘ಕೆಲಸ’ವನ್ನೇ ವಿಷಯವಾಗಿ ಇಟ್ಟುಕೊಳ್ಳೋಣ. ಮೊದಲ ಎರಡು ವಾರ ಹೊರಗೆ ಹೋಗುವುದೇ ಬೇಡ. ಜನಗಣತಿ, ಕಾರ್ಮಿಕ ಸಮೀಕ್ಷೆ ಎರಡರ ವ್ಯಾಖ್ಯೆಗಳನ್ನೂ ಬರೆದಿಟ್ಟುಕೊಂಡು, ಅವು ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲ ಎಂದು ಒಂದು ಪುಟದಲ್ಲಿ ತೋರಿಸಿ. ಇದು ನಿಮ್ಮ ತಾತ್ವಿಕ ಅಧ್ಯಾಯದ ಬೀಜ.

ಆಮೇಲೆ ಕ್ಷೇತ್ರಕಾರ್ಯ. ‘ಏನು ಕೆಲಸ ಮಾಡ್ತೀರಮ್ಮ’ ಎಂದು ಕೇಳಿದರೆ ‘ಏನಿಲ್ಲಪ್ಪ, ಮನೇಲೇ ಇರ್ತೀನಿ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಸಂದರ್ಶನ ಮುಗಿಯುತ್ತದೆ. ‘ನಿನ್ನೆ ಎಷ್ಟು ಹೊತ್ತಿಗೆ ಎದ್ರಿ, ಎದ್ದು ಏನು ಮಾಡಿದ್ರಿ, ಆಮೇಲೆ?’ ಎಂದು ಕೇಳುತ್ತಾ ಹೋಗಬೇಕು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ದಿನವನ್ನು ಅರ್ಧರ್ಧ ಗಂಟೆಯ ತುಣುಕಾಗಿಸಿ ಕೇಳಿತ್ತು. ಅದೇ ನಮೂನೆಯನ್ನು 48 ಸಾಲಿನ ಹಾಳೆಯಾಗಿ ಬಳಸಬಹುದು. ಒಂದೇ ಹೊತ್ತಿಗೆ ಎರಡು ಕೆಲಸ (ಒಲೆಯ ಮೇಲೆ ಸಾರು, ಕಂಕುಳಲ್ಲಿ ಮಗು) ಬರೆದುಕೊಳ್ಳಲು ಪಕ್ಕದಲ್ಲಿ ಇನ್ನೊಂದು ಅಂಕಣ ಬಿಡಿ. ಅದಿಲ್ಲದಿದ್ದರೆ ಮಗುವಿನ ಆರೈಕೆ ಲೆಕ್ಕದಿಂದಲೇ ಬಿದ್ದುಹೋಗುತ್ತದೆ.

12 ಮಂದಿ ಸಾಕು, ತಲಾ 40 ನಿಮಿಷ. ಒಟ್ಟು ಎಂಟು ಗಂಟೆಯ ಧ್ವನಿಮುದ್ರಣ. ಒಂದು ಗಂಟೆಯದನ್ನು ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುವುದರಿಂದ 40ರಿಂದ 48 ಗಂಟೆ ಅದಕ್ಕೇ ಬೇಕು. ಇದನ್ನು ಲೆಕ್ಕಕ್ಕೆ ಹಿಡಿಯದೆ 30 ಮಂದಿಯನ್ನು ಕೇಳಿ ಬಂದವರು ಕೊನೆಗೆ ಮೂರು ಸಂದರ್ಶನಗಳನ್ನೇ ಎಳೆದಾಡಿ ಬರೆಯುತ್ತಾರೆ. ಸ್ತ್ರೀಶಕ್ತಿ ಸಂಘದ ಪಟ್ಟಿ ಹಿಡಿದು ಹೊರಟರೆ ಸುಲಭವೇನೋ ಹೌದು, ಆದರೆ ಸಂಘಕ್ಕೆ ಬರಲು ಬಿಡುವಿರುವವರು ಮಾತ್ರ ಸಿಗುತ್ತಾರೆ. ಬಿಡುವೇ ಇಲ್ಲದವರು ನಿಮ್ಮ ವಿಷಯದ ಕೇಂದ್ರದಲ್ಲಿರುವವರು. ಕನಿಷ್ಠ ನಾಲ್ವರನ್ನಾದರೂ ಪಟ್ಟಿಯ ಹೊರಗಿಂದ ಹುಡುಕಿ. ಒಪ್ಪಿಗೆಯನ್ನು ಮಾತು ಶುರುವಾಗುವ ಮುನ್ನ ಕೇಳಿ, ಹೆಸರು ಬದಲಿಸಿ, ಟಿಪ್ಪಣಿಯನ್ನು ಅದೇ ರಾತ್ರಿ ಪೂರ್ತಿ ಮಾಡಿ. ಪ್ರತಿಗಳನ್ನು ಎರಡು ಬೇರೆ ಜಾಗದಲ್ಲಿಡಿ. ಶ್ರೀನಿವಾಸರು ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ, ತಾವು ಅಧ್ಯಯನ ಮಾಡಿದ ರಾಂಪುರ ಹಳ್ಳಿಯ ಟಿಪ್ಪಣಿಗಳ ಮೂರು ಪ್ರತಿಗಳೂ ಅಮೆರಿಕದ ಸ್ಟ್ಯಾನ್‌ಫರ್ಡಿನ ಒಂದೇ ಕಟ್ಟಡದಲ್ಲಿದ್ದು, 1970ರ ಏಪ್ರಿಲ್‌ನಲ್ಲಿ ಅಲ್ಲಿ ಬಿದ್ದ ಬೆಂಕಿಗೆ ಮೂರೂ ಹೋದವು.

ವಿಶ್ಲೇಷಣೆಗೆ ಕೂತಾಗಲೂ ಅವರಿಂದಲೇ ಕಲಿಯುವುದಿದೆ. ಕೊಡಗಿನ ಬಗ್ಗೆ ಬೊಂಬಾಯಿಯಲ್ಲಿ ಬರೆದ ದೊಡ್ಡ ಪ್ರಬಂಧದ ಸಾಮಗ್ರಿಯನ್ನೇ ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಎಂಬ ಮಾನವಶಾಸ್ತ್ರಜ್ಞರ ಕ್ರಿಯಾವಾದಿ ಚೌಕಟ್ಟಿನಲ್ಲಿ (ಒಂದು ಆಚರಣೆ ಸಮಾಜವನ್ನು ಹಿಡಿದಿಡಲು ಏನು ಮಾಡುತ್ತದೆ ಎಂದು ನೋಡುವ ಕ್ರಮದಲ್ಲಿ) ಮತ್ತೆ ಓದಿ ಅವರು 1952ರ ಪುಸ್ತಕ ಬರೆದರು. ಸಾಮಗ್ರಿ ಅದೇ, ಕಂಡದ್ದು ಬೇರೆ. ನೀವೂ ನಿಮ್ಮ 12 ಸಂದರ್ಶನಗಳನ್ನು ಎರಡು ಸಲ ಓದಿ. ಒಮ್ಮೆ ಜನಗಣತಿಯ ವ್ಯಾಖ್ಯೆ ಇಟ್ಟುಕೊಂಡು, ಇನ್ನೊಮ್ಮೆ ಆ ಹೆಂಗಸರೇ ಯಾವುದನ್ನು ಕೆಲಸ ಎಂದರು, ಯಾವುದನ್ನು ಅನ್ನಲಿಲ್ಲ ಎಂಬುದನ್ನು ಇಟ್ಟುಕೊಂಡು. ಎರಡೂ ಎಣಿಕೆಯನ್ನು ಅಕ್ಕಪಕ್ಕ ಒಂದೇ ಕೋಷ್ಟಕದಲ್ಲಿ ಹಾಕಿ. ಆ ಅಂತರವನ್ನು ಹೇಗೆ ತೆಗೆದುಕೊಳ್ಳಬೇಕು, ಯಾವ ವ್ಯಾಖ್ಯೆಗೆ ಒಳ್ಳೆಯ ಹೇತುವಿದೆ ಎಂಬುದು ತಾತ್ವಿಕ ಅಧ್ಯಾಯ. 40 ಪುಟದ ವರದಿಯಲ್ಲಿ ಅದಕ್ಕೆ 12 ಪುಟವಾದರೂ ಬೇಕು, ಕೊನೆಯ ಮೂರು ಪುಟಕ್ಕೆ ಅದನ್ನು ತಳ್ಳಬೇಡಿ.

ಬೈಂಡಿಂಗಿಗೆ ಕೊಡುವ ಹತ್ತು ದಿನ ಮೊದಲು ಅದೇ ಊರಿಗೆ ಇನ್ನೊಮ್ಮೆ ಹೋಗಿ, ನಿಮ್ಮ ತೀರ್ಮಾನವನ್ನು ಆಡುಮಾತಿನ ಐದಾರು ವಾಕ್ಯದಲ್ಲಿ ಅವರಿಗೆ ಹೇಳಿ. ‘ಅದು ಹಾಗಲ್ಲ’ ಎಂದು ಯಾರಾದರೂ ಅಂದರೆ ಯಾಕೆ ಎಂದು ಕೇಳಿ ಬರೆದುಕೊಳ್ಳಿ. ತಾತ್ವಿಕ ಅಧ್ಯಾಯದ ಪೂರ್ವಪಕ್ಷವನ್ನು ಆ ಮಾತಿನಿಂದ ಶುರುಮಾಡಿ, ಹೆಸರು ಬದಲಿಸಿ, ಅವರ ಮಾತಿನಲ್ಲೇ.